ಕಟ್ಟಡಗಳ ಹಸಿರು ಲೇಪಗಳು ಮತ್ತು ರಸಾಯನ ಶಾಸ್ತ್ರದ ಬೋಧನೆ

1

ಗೋಡೆಗೆ ಬಳಿಯುವ ಲೇಪದ ವಿಚಾರ ರಸಾಯನ ಶಾಸ್ತ್ರಜ್ಞರಿಗೆ ಸೇರಿದ್ದು, ಅದರಲ್ಲಿ ಚರಿತ್ರೆಯ ಅಭ್ಯಾಸಿಗಳಿಗೆ ಏನು ಕೆಲಸವೆಂದು ಕೆಲವರಾದರೂ ಕೇಳಬಹುದು. ಇದಕ್ಕೆ ನಮ್ಮ ಸಮಾಧಾನ ಇಷ್ಟು: ಲೇಪವು ಹುಟ್ಟುವುದು ಪ್ರಯೋಗಶಾಲೆಯಲ್ಲಾದರೂ ಅದರ ಪರೀಕ್ಷೆ ನಡೆಯುವುದು ಕಾಲದಲ್ಲಿ. ಮಳೆ, ಬಿಸಿಲು, ಹೊಗೆ, ಉಪ್ಪು ಇವು ಹತ್ತಾರು ವರ್ಷ ತಮ್ಮ ಕೆಲಸ ಮಾಡಿದ ಮೇಲೆಯೇ ಲೇಪವೊಂದು ಗೋಡೆಯನ್ನು ಕಾಯಿತೋ ಕೆಡಿಸಿತೋ ಎಂಬುದು ನಿರ್ಣಯವಾಗುತ್ತದೆ. ಆ ನಿರ್ಣಯವನ್ನು ದಾಖಲೆಗಳಿಂದ ತಿಳಿಯುವುದು ಚರಿತ್ರೆಯ ಕಾರ್ಯ.

ಇಂದು ಅನೇಕ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಲ್ಲಿ ಹಸಿರು ರಸಾಯನ ಶಾಸ್ತ್ರವನ್ನು ಬೋಧಿಸಲಾಗುತ್ತಿದೆ. ಕಟ್ಟಡಗಳನ್ನು ರಕ್ಷಿಸುವ ಲೇಪಗಳು ಈ ಬೋಧನೆಗೆ ಒಳ್ಳೆಯ ನಿದರ್ಶನಗಳು. ತಾನೇ ತನ್ನನ್ನು ತೊಳೆದುಕೊಳ್ಳುವ ಗೋಡೆ, ಗಾಳಿಯ ವಿಷವನ್ನು ಹೀರುವ ಬಣ್ಣ, ಸಸ್ಯರಸಗಳಿಂದ ಮಾಡಿದ ವಾರ್ನಿಷು ಮೊದಲಾದ ಹೆಸರುಗಳು ವಿದ್ಯಾರ್ಥಿಗಳ ಕುತೂಹಲವನ್ನು ಸೆಳೆಯುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ನಿದರ್ಶನಗಳನ್ನು ಸಾಮಾನ್ಯವಾಗಿ ಮಂಡಿಸುವ ಕ್ರಮದಲ್ಲಿ ಮೂರು ನ್ಯೂನತೆಗಳು ಇವೆಯೆಂದು ನಮ್ಮ ಅಭಿಪ್ರಾಯ. ವಸ್ತುವಿನ ಗುಣವನ್ನು ಹೇಳುವರು, ಅದು ತಯಾರಾದ ಬಗೆಯನ್ನು ಹೇಳುವುದಿಲ್ಲ. ಫಲವನ್ನು ಹೇಳುವರು, ಆ ಫಲ ಎಷ್ಟು ಕಾಲ ನಿಂತಿತೆಂಬುದನ್ನು ಹೇಳುವುದಿಲ್ಲ. ಜಯವನ್ನು ಹೇಳುವರು, ಅಪಜಯವನ್ನು ಹೇಳುವುದಿಲ್ಲ. ಈ ಮೂರನ್ನೂ ಕೆಲವು ನಿಜವಾದ ಪ್ರಸಂಗಗಳ ಮೂಲಕ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

2

ಮೊದಲು ತತ್ತ್ವವನ್ನು ನೋಡೋಣ. ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ ಎಂಬ ಅಮೆರಿಕದ ರಸಾಯನ ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಸಿರು ರಸಾಯನ ಶಾಸ್ತ್ರದ ಹನ್ನೆರಡು ಸೂತ್ರಗಳನ್ನು ನಿರೂಪಿಸಿದರು. ಕಸವನ್ನು ಹುಟ್ಟಿಸಿ ಆಮೇಲೆ ಶುದ್ಧಮಾಡುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದೇ ಮೇಲು ಎಂಬುದು ಮೊದಲನೆಯ ಸೂತ್ರದ ತಾತ್ಪರ್ಯ. ತನ್ನ ಕೆಲಸ ಮುಗಿದ ಬಳಿಕ ವಸ್ತುವು ನಿರಪಾಯವಾದ ಅಂಶಗಳಾಗಿ ಒಡೆದುಹೋಗಬೇಕು, ಪರಿಸರದಲ್ಲಿ ಹಾಗೆಯೇ ಉಳಿಯಬಾರದು ಎಂಬುದು ಹತ್ತನೆಯದರ ತಾತ್ಪರ್ಯ.

ಕಟ್ಟಡದ ಲೇಪಕ್ಕೆ ಈ ಹತ್ತನೆಯ ಸೂತ್ರವನ್ನು ಅನ್ವಯಿಸಿದಾಗ ಒಂದು ತೊಡಕು ಕಾಣಿಸಿಕೊಳ್ಳುತ್ತದೆ. ಲೇಪದಿಂದ ನಾವು ಬಯಸುವುದೇ ಬಾಳಿಕೆಯನ್ನು. ಕೆಲಸ ಮುಗಿದ ಬಳಿಕ ಎಂದು ಸೂತ್ರವು ಹೇಳುತ್ತದೆಯಲ್ಲದೆ, ಕೆಲಸದ ನಡುವೆ ಒಡೆಯಲಿ ಎನ್ನುವುದಿಲ್ಲವೆಂದು ವಾದಿಸಬಹುದು. ಆ ವಾದ ಸರಿಯಾದದ್ದೇ. ಆದರೆ ಗೋಡೆಯ ಮೇಲಿನ ಲೇಪಕ್ಕೆ ಕೆಲಸ ಮುಗಿಯುವ ದಿನವೆಂಬುದು ಎಲ್ಲಿದೆ? ಬಳಿದ ದಿನದಿಂದಲೇ ಅದು ಕಣಕಣವಾಗಿ ಮಳೆಯ ನೀರಿನೊಡನೆ ಮಣ್ಣಿಗೂ ಚರಂಡಿಗೂ ಸೇರುತ್ತಿರುತ್ತದೆ. ಬಾಳಿಕೆ ಮತ್ತು ವಿಲಯ ಇವೆರಡನ್ನೂ ಒಂದೇ ವಸ್ತುವಿನಲ್ಲಿ ಬೇಡುವುದು ಲೇಪದ ಸಮಸ್ಯೆಯ ತಿರುಳು. ಹನ್ನೆರಡು ಸೂತ್ರಗಳನ್ನು ಕಂಠಪಾಠ ಮಾಡಿಸಿ ಈ ತೊಡಕನ್ನು ಎತ್ತದೆ ಬಿಟ್ಟರೆ ವಿದ್ಯಾರ್ಥಿಗೆ ಸೂತ್ರಗಳು ದೊರೆಯುತ್ತವೆ, ವಿವೇಚನೆ ದೊರೆಯುವುದಿಲ್ಲ.

3

ಹಸಿರು ಲೇಪಗಳ ಪೈಕಿ ಈಚಿನ ದಶಕಗಳಲ್ಲಿ ಬಹಳ ಪ್ರಸಿದ್ಧಿಗೆ ಬಂದದ್ದು ಟೈಟೇನಿಯಂ ಡೈಆಕ್ಸೈಡಿನದು. ಇದರ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಆರಂಭಿಸಬೇಕು.

ಗೋಡೆಗೂ ಮರಕ್ಕೂ ಬಳಿಯುವ ಬಿಳಿಯ ಬಣ್ಣಕ್ಕೆ ಯೂರೋಪಿನಲ್ಲಿ ಬಹುಕಾಲ ಆಧಾರವಾಗಿದ್ದುದು ಸೀಸದ ಬಿಳುಪು. ಸೀಸ ಕೆಟ್ಟದ್ದೆಂಬುದು ಹೊಸ ಸಂಗತಿಯಲ್ಲ. ಕ್ರಿಸ್ತಪೂರ್ವ 1ನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸನು ಸೀಸದ ಕೆಲಸಗಾರರ ಮೈ ಬಿಳಿಚಿಕೊಂಡಿರುವುದನ್ನು ತೋರಿಸಿ, ಸೀಸದ ಕೊಳವೆಗಳಲ್ಲಿ ಕುಡಿಯುವ ನೀರನ್ನು ತರಬಾರದೆಂದು ಎಚ್ಚರಿಸಿದ್ದಾನೆ. ಆದರೂ ಕಟ್ಟಡಗಳ ಒಳಭಾಗಕ್ಕೆ ಸೀಸದ ಬಿಳುಪನ್ನು ಬಳಿಯುವುದನ್ನು ನಿರ್ಬಂಧಿಸುವ ಅಂತರರಾಷ್ಟ್ರೀಯ ಒಪ್ಪಂದವನ್ನು ಕಾರ್ಮಿಕ ಸಂಸ್ಥೆಯು ಅಂಗೀಕರಿಸಿದ್ದು 1921ರಲ್ಲಿ. ಮನೆಬಳಕೆಯ ಸೀಸದ ಬಣ್ಣಗಳನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಮನೆಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ಭಾರತ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ, ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ತಿಳಿವಿಗೂ ಕಟ್ಟಳೆಗೂ ನಡುವೆ ಎರಡು ಸಾವಿರ ವರ್ಷಗಳ ಅಂತರ. ಈ ಅಂತರದಲ್ಲಿ ನಷ್ಟವನ್ನು ಅನುಭವಿಸಿದವರು ಬಣ್ಣದ ಕೆಲಸಗಾರರು ಮತ್ತು ಗೋಡೆಯಿಂದ ಉದುರಿದ ಹಕ್ಕಳೆಯನ್ನು ಬಾಯಿಗಿಟ್ಟುಕೊಂಡ ಮಕ್ಕಳು. ರಸಾಯನ ಶಾಸ್ತ್ರದ ಯಾವ ಪಾಠವೂ ಇದನ್ನು ಮರೆಯತಕ್ಕದ್ದಲ್ಲ.

ಸೀಸದ ಬಿಳುಪಿನ ಸ್ಥಾನಕ್ಕೆ 20ನೆಯ ಶತಮಾನದ ಮೊದಲ ಅರ್ಧದಲ್ಲಿ ಬಂದದ್ದೇ ಟೈಟೇನಿಯಂ ಡೈಆಕ್ಸೈಡು. ಅದು ವಿಷವಲ್ಲ, ಸೀಸಕ್ಕಿಂತ ಹೆಚ್ಚು ಬೆಳ್ಳಗೆ ಮುಚ್ಚುತ್ತದೆ. ಆದರೆ ಬಣ್ಣ ತಯಾರಿಸುವವರಿಗೆ ಅದರಿಂದ ಒಂದು ಕಾಟವಿತ್ತು. ಬಿಸಿಲು ತಗುಲಿದರೆ ಆ ಕಣಗಳು ತಮ್ಮ ಸುತ್ತಲಿನ ಎಣ್ಣೆಯನ್ನೂ ರಾಳವನ್ನೂ ಉತ್ಕರ್ಷಿಸಿ ಕೆಡಿಸುತ್ತಿದ್ದುವು. ಬಣ್ಣವು ಸುಣ್ಣದ ಪುಡಿಯಂತೆ ಕೈಗೆ ಹತ್ತುತ್ತಿತ್ತು. ಈ ದೋಷವನ್ನು ಅಡಗಿಸುವುದಕ್ಕಾಗಿ ಕಣಗಳಿಗೆ ಸಿಲಿಕ, ಅಲ್ಯೂಮಿನಗಳ ಹೊದಿಕೆ ಕೊಡುವ ಕ್ರಮ ರೂಢಿಗೆ ಬಂದಿತು. 1972ರಲ್ಲಿ ಜಪಾನಿನ ಫುಜಿಶಿಮ ಮತ್ತು ಹೋಂಡ ಎಂಬವರು ಬೆಳಕಿನ ನೆರವಿನಿಂದ ಟೈಟೇನಿಯಂ ಡೈಆಕ್ಸೈಡಿನ ಮೇಲೆ ನೀರನ್ನು ವಿಭಜಿಸಬಹುದೆಂದು ಪ್ರಕಟಿಸಿದರು. 1997ರಲ್ಲಿ, ಬೆಳಕು ಬಿದ್ದ ಆ ಮೈಯ ಮೇಲೆ ನೀರು ಹನಿಗಟ್ಟದೆ ತೆಳುವಾಗಿ ಹರಡುತ್ತದೆಂಬುದು ವರದಿಯಾಯಿತು. ಅಲ್ಲಿಂದ ಮುಂದೆ ಹಿಂದಿನ ದೋಷವೇ ಗುಣವಾಯಿತು. ಎಣ್ಣೆಯನ್ನು ಕೆಡಿಸುತ್ತಿದ್ದ ಶಕ್ತಿಯು ಗೋಡೆಯ ಮೇಲಿನ ಕೊಳೆಯನ್ನು ಕೆಡಿಸಬಾರದೇಕೆ? ಮಳೆನೀರು ಅದನ್ನು ತೊಳೆದುಕೊಂಡು ಹೋಗಬಾರದೇಕೆ?

ರಿಚರ್ಡ್ ಮಯರನು ರಚಿಸಿದ ರೋಮಿನ ಜುಬಿಲಿ ಇಗರ್ಜಿಯು ಈ ಆಲೋಚನೆಯ ಪ್ರಸಿದ್ಧ ಫಲ. 2003ರಲ್ಲಿ ಪ್ರಾರಂಭವಾದ ಈ ಕಟ್ಟಡದ ಹಡಗಿನ ಹಾಯಿಗಳಂಥ ಮೂರು ಬಾಗುಗೋಡೆಗಳಿಗೆ ಟೈಟೇನಿಯಂ ಡೈಆಕ್ಸೈಡು ಬೆರಸಿದ ಬಿಳಿಯ ಸಿಮೆಂಟನ್ನು ಉಪಯೋಗಿಸಿದರು. ಗೋಡೆಯನ್ನು ಬೆಳ್ಳಗೆ ಇರಿಸುವುದು ಮೂಲ ಉದ್ದೇಶ. ಅದರೊಡನೆ ವಾಹನಗಳ ಹೊಗೆಯಲ್ಲಿನ ನೈಟ್ರೊಜನ್ ಆಕ್ಸೈಡುಗಳನ್ನು ಇಂಥ ಮೈಗಳು ನೈಟ್ರೇಟುಗಳಾಗಿ ಮಾರ್ಪಡಿಸುತ್ತವೆಂಬ ಸಂಗತಿಯೂ ಪ್ರಚಾರಕ್ಕೆ ಬಂದಿತು. ನಗರದ ಗಾಳಿಯನ್ನೇ ಗೋಡೆಗಳು ಶುದ್ಧಮಾಡುವುವೆಂಬ ಭರವಸೆ ಹುಟ್ಟಿದ್ದು ಹೀಗೆ.

ಪಾಠಗಳು ಪ್ರಾಯಶಃ ಇಲ್ಲಿಗೆ ನಿಲ್ಲುತ್ತವೆ. ಚರಿತ್ರೆ ಇಲ್ಲಿಗೆ ನಿಲ್ಲುವುದಿಲ್ಲ. ಬ್ರಿಟನ್ನಿನ ಸರ್ಕಾರಕ್ಕೆ ಸಲಹೆ ಕೊಡುವ ವಾಯುಗುಣ ತಜ್ಞರ ತಂಡವು 2016ರಲ್ಲಿ ಇಂಥ ಬಣ್ಣಗಳ ಮತ್ತು ಮೈಗಳ ವಿಚಾರವನ್ನು ಪರಿಶೀಲಿಸಿ, ಇವನ್ನು ವ್ಯಾಪಕವಾಗಿ ಬಳಸಿದರೂ ಹೊರಗಿನ ಗಾಳಿಯ ನೈಟ್ರೊಜನ್ ಡೈಆಕ್ಸೈಡು ಗಣನೀಯವಾಗಿ ಇಳಿಯುವುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂಬ ತೀರ್ಮಾನಕ್ಕೆ ಬಂದಿತು. ಕಾರಣ ಸುಲಭವಾಗಿ ತಿಳಿಯತಕ್ಕದ್ದು. ಪ್ರಯೋಗದ ಪೆಟ್ಟಿಗೆಯೊಳಗೆ ಗಾಳಿಗೆ ಗೋಡೆಯಿಂದ ತಪ್ಪಿಸಿಕೊಳ್ಳಲು ಎಡೆಯಿಲ್ಲ. ಬೀದಿಯಲ್ಲಿ ಬಹುಪಾಲು ಗಾಳಿ ಗೋಡೆಯನ್ನು ಮುಟ್ಟುವುದೇ ಇಲ್ಲ. ಮೇಲಾಗಿ, ಹುಟ್ಟಿದ ನೈಟ್ರೇಟು ಎಲ್ಲಿಗೆ ಹೋಗುತ್ತದೆ? ಮಳೆಯೊಡನೆ ಮಣ್ಣಿಗೆ. ಲೇಪದ ಕೆಳಗಿರುವುದು ಸುಣ್ಣಕಲ್ಲೋ ಅಮೃತಶಿಲೆಯೋ ಆಗಿದ್ದರೆ, ಆಮ್ಲವು ಆ ಕಲ್ಲಿನ ಸುಣ್ಣವನ್ನೇ ನೀರಿನಲ್ಲಿ ಕರಗುವ ಲವಣವಾಗಿ ಮಾರ್ಪಡಿಸಬಲ್ಲದು. ಸಿಮೆಂಟಿನ ಹೊಸ ಇಗರ್ಜಿಗೆ ಹಿತವಾದದ್ದು ಹಳೆಯ ಅಮೃತಶಿಲೆಯ ಗೋರಿಗೂ ಹಿತವೆಂದು ಹೇಳುವಂತಿಲ್ಲ.

ತಯಾರಿಕೆಯ ವಿಚಾರವೂ ಉಂಟು. ಇಲ್ಮನೈಟ್ ಎಂಬ ಕರಿಮರಳಿನಿಂದ ಈ ಬಿಳುಪನ್ನು ತೆಗೆಯುವ ಹಳೆಯ ಕ್ರಮದಲ್ಲಿ ಗಂಧಕಾಮ್ಲವನ್ನು ಬಳಸುತ್ತಾರೆ. ಕಬ್ಬಿಣದ ಸಲ್ಫೇಟು ಮತ್ತು ಬಳಸಿಬಿಟ್ಟ ಆಮ್ಲ ಹೇರಳವಾಗಿ ಉಳಿಯುತ್ತವೆ. ಇಟಲಿಯ ಕಾರ್ಖಾನೆಯೊಂದರಿಂದ ಹೊರಟ ಇಂಥ ಕೆಂಪು ರೊಚ್ಚನ್ನು ಸಮುದ್ರಕ್ಕೆ ಸುರಿಯುತ್ತಿದ್ದುದರಿಂದ 1972ರಲ್ಲಿ ಕಾರ್ಸಿಕ ದ್ವೀಪದ ಜನ ರೊಚ್ಚಿಗೆದ್ದರು. 1978ರಲ್ಲಿ ಯೂರೋಪಿನ ಸಮುದಾಯವು ಟೈಟೇನಿಯಂ ಡೈಆಕ್ಸೈಡಿನ ಕಸಕ್ಕಾಗಿಯೇ ಪ್ರತ್ಯೇಕ ನಿರ್ದೇಶನವನ್ನು ಹೊರಡಿಸಬೇಕಾಯಿತು. ಬಿಳಿಯ ಗೋಡೆಯ ಹಿಂದೆ ಕೆಂಪು ಕಡಲಿತ್ತು. ಆಮೇಲೆ ಬಂದ ಕ್ಲೋರೈಡ್ ಕ್ರಮದಲ್ಲಿ ಕಸ ಕಡಮೆ ಎಂಬುದನ್ನು ಒಪ್ಪತಕ್ಕದ್ದೇ. ಆದರೆ ಹಸಿರೆಂಬ ವಿಶೇಷಣವನ್ನು ಲೇಪಕ್ಕೆ ಕೊಡುವ ಮುನ್ನ ಈ ಲೆಕ್ಕವನ್ನು ಕೇಳಬೇಕೆಂಬುದು ಮೊದಲನೆಯ ಸೂತ್ರದ ಆದೇಶವೇ ಆಗಿದೆ.

4

ಹೊಸದನ್ನು ಹೀಗೆ ವಿಮರ್ಶಿಸಿದೊಡನೆ, ಹಳೆಯದೆಲ್ಲವೂ ಹಸಿರಾಗಿತ್ತು ಎಂಬ ಇನ್ನೊಂದು ವಾದ ತಲೆಯೆತ್ತುತ್ತದೆ. ಇದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು.

6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ತೂಬರೆಯ ಮತ್ತು ಬೇಲದ ಎಳೆಯ ಕಾಯಿ, ಬೂರುಗದ ಹೂವು ಮೊದಲಾದವನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಭಾಗಕ್ಕೆ ಇಳಿಸಿ, ಗುಗ್ಗುಳ, ಗೇರು, ಮರದ ಅಂಟುಗಳು, ಅಗಸೆ, ಬಿಲ್ವ ಇವುಗಳ ಕಲ್ಕವನ್ನು ಕೂಡಿಸಿ, ಬಿಸಿಯಾಗಿರುವಾಗಲೇ ದೇವಾಲಯ, ಮಾಳಿಗೆ, ಪ್ರತಿಮೆ, ಗೋಡೆ, ಬಾವಿಗಳಿಗೆ ಹಚ್ಚಬೇಕೆಂದು ವಿಧಿ. ಅದು ಕೋಟಿ ವರ್ಷ ನಿಲ್ಲುವುದೆಂದು ಫಲಶ್ರುತಿ. ನಮ್ಮ ನಾಡಿನ ಕಲ್ಯಾಣದಲ್ಲಿ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ವಜ್ರಲೇಪವುಂಟು. ಆದರೆ ಅದು ಎಮ್ಮೆಯ ತೊಗಲನ್ನು ಬೇಯಿಸಿ ಪಡೆದ ಅಂಟು, ಚಿತ್ರ ಬರೆಯುವ ಗೋಡೆಯನ್ನು ಹದಗೊಳಿಸುವುದಕ್ಕೆ ಹೇಳಿದ್ದು. ಹೆಸರು ಒಂದೇ, ವಸ್ತು ಬೇರೆ. ಗಿಡದ ರಸವೂ ಪ್ರಾಣಿಯ ಅಂಟೂ ಒಂದೇ ಹೆಸರಿನಲ್ಲಿ ಇದ್ದುವೆಂಬುದನ್ನು ಗಮನಿಸದೆ ಪ್ರಾಚೀನರ ವಜ್ರಲೇಪವೆಂದು ಏಕವಚನದಲ್ಲಿ ಹೊಗಳುವುದು ಅಶಾಸ್ತ್ರೀಯ.

ಇನ್ನೂ ಮುಖ್ಯವಾದ ಸಂಗತಿಯೆಂದರೆ, ವರಾಹಮಿಹಿರನ ಅದೇ ಅಧ್ಯಾಯದಲ್ಲಿ ಮಯನು ಹೇಳಿದ್ದೆಂದು ವಜ್ರಸಂಘಾತವೆಂಬ ಇನ್ನೊಂದು ಪಾಕವಿದೆ: ಎಂಟು ಭಾಗ ಸೀಸ, ಎರಡು ಭಾಗ ಕಂಚು, ಒಂದು ಭಾಗ ಹಿತ್ತಾಳೆ. ಗಿಡಮೂಲಿಕೆಯ ಪಕ್ಕದಲ್ಲಿಯೇ ಸೀಸ! ಪ್ರಾಚೀನ ಕರ್ತೃವಿಗೆ ಬೇಕಾಗಿದ್ದುದು ಗಟ್ಟಿತನ. ಹಸಿರೆಂಬ ಪ್ರಶ್ನೆ ಆತನ ಮುಂದೆ ಇರಲಿಲ್ಲ. ಇದು ಆತನ ಕೊರತೆಯಲ್ಲ. ನಮ್ಮ ಕಾಲದ ಪ್ರಶ್ನೆಯನ್ನು ಆತನ ಬಾಯಲ್ಲಿ ಇಡುವುದು ನಮ್ಮವರ ಅತ್ಯುತ್ಸಾಹ. ಈ ಅಧ್ಯಾಯವನ್ನು ರಸಾಯನ ಶಾಸ್ತ್ರದ ತರಗತಿಗೆ ತರುವುದಾದರೆ ಪೂರ್ತಿಯಾಗಿ ತರಬೇಕು. ಅರ್ಧವನ್ನು ಆಯ್ದು ತರುವುದು ಚರಿತ್ರೆಗೂ ರಸಾಯನ ಶಾಸ್ತ್ರಕ್ಕೂ ಅಪಚಾರ.

5

ಪ್ರಕೃತಿಯಿಂದ ದೊರೆತ ಲೇಪವೂ ಕೇಡನ್ನು ತರಬಲ್ಲದೆಂಬುದಕ್ಕೆ ಅಜಂತವೇ ಸಾಕ್ಷಿ. 1920ರಿಂದ 1922ರವರೆಗೆ ನಿಜಾಮರ ಸರ್ಕಾರವು ಇಟಲಿಯಿಂದ ಲೊರೆಂಜೊ ಚೆಕೋನಿ ಎಂಬ ಪರಿಣತನನ್ನೂ ಕೌಂಟ್ ಒರ್ಸಿನಿ ಎಂಬ ಸಹಾಯಕನನ್ನೂ ಕರೆಯಿಸಿತು. ಉದುರುತ್ತಿದ್ದ ಚಿತ್ರಗಳನ್ನು ಅವರು ಗೋಡೆಗೆ ಭದ್ರಪಡಿಸಿ, ಮೇಲೆ ಅರಗಿನ ವಾರ್ನಿಷು ಹಚ್ಚಿದರು. ಅಂದಿನ ಶ್ರೇಷ್ಠ ಜ್ಞಾನ ಅದು. ಅರಗು ಶುದ್ಧವಾದ ನಿಸರ್ಗದ ವಸ್ತು. ಮರದ ಮೇಲಿನ ಕೀಟದಿಂದ ದೊರೆಯುವುದು. ಆದರೆ ವರ್ಷಗಳು ಕಳೆದಂತೆ ಆ ಲೇಪವು ಹಳದಿಗಟ್ಟಿ, ಕಂದಾಗಿ, ಧೂಳನ್ನೂ ಮಸಿಯನ್ನೂ ಹಿಡಿದು ಚಿತ್ರಗಳ ಬಣ್ಣವನ್ನು ಮರೆಮಾಡಿತು. ಅದನ್ನು ಬಿಡಿಸುವ ಕೆಲಸದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ರಸಾಯನ ಶಾಸ್ತ್ರಜ್ಞರು ದಶಕಗಳ ಕಾಲ ತೊಡಗಬೇಕಾಯಿತು. ನಿಸರ್ಗದ್ದು ಎಂಬ ಮಾತು ನಿರಪಾಯ ಎಂಬ ಮಾತಿಗೆ ಸಮಾನವಲ್ಲ.

ಇದರ ಎದುರಿಗೆ ಫ್ಲಾರೆನ್ಸಿನ ಪ್ರಸಂಗವನ್ನು ಇಡೋಣ. 1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಆ ನಗರದ ಭಿತ್ತಿಚಿತ್ರಗಳಿಗೆ ಅಪಾರ ಹಾನಿಯಾಯಿತು. ಗೋಡೆಯ ಸುಣ್ಣವು ಸಲ್ಫೇಟಿನೊಡನೆ ಸೇರಿ ಜಿಪ್ಸಮಾಗಿ ಉಬ್ಬಿ, ಬಣ್ಣದ ಪದರವನ್ನು ಒಡೆಯುತ್ತಿತ್ತು. ಎಂಜೊ ಫೆರೋನಿ ಎಂಬ ರಸಾಯನ ಶಾಸ್ತ್ರಜ್ಞನೂ ಡೀನೊ ಡೀನಿ ಎಂಬ ಚಿತ್ರೋದ್ಧಾರಕನೂ ಕೂಡಿ ಒಂದು ಕ್ರಮವನ್ನು ರೂಪಿಸಿದರು. ಮೊದಲು ಅಮೋನಿಯಂ ಕಾರ್ಬೊನೇಟಿನಿಂದ ಜಿಪ್ಸಮನ್ನು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಮಾಡುವುದು. ಬಳಿಕ ಬೇರಿಯಂ ಹೈಡ್ರಾಕ್ಸೈಡಿನಿಂದ ಉಳಿದ ಸಲ್ಫೇಟನ್ನು ಕರಗದ ಬೇರಿಯಂ ಸಲ್ಫೇಟಾಗಿ ಬಂಧಿಸುವುದು. ಹೊರಗಿನ ಅಂಟನ್ನು ಮೇಲೆ ಹೇರದೆ, ಗೋಡೆಯ ಸ್ವಭಾವವನ್ನು ತಿಳಿದು ಅದೇ ಜಾತಿಯ ವಸ್ತುವಿನಿಂದ ಅದನ್ನು ಗಟ್ಟಿಮಾಡುವುದು ಇದರ ವಿಶೇಷ. ಅದೇ ಪರಂಪರೆಯಲ್ಲಿ ಪಿಯೆರೊ ಬಾಲ್ಯೋನಿ ಮತ್ತು ಸಂಗಡಿಗರು, ಅರಳಿದ ಸುಣ್ಣದ ಅತಿಸೂಕ್ಷ್ಮ ಕಣಗಳನ್ನು ಆಲ್ಕೊಹಾಲಿನಲ್ಲಿ ತೇಲಿಸಿ ಗೋಡೆಯೊಳಕ್ಕೆ ಇಳಿಸುವ ಕ್ರಮವನ್ನು ಬೆಳೆಸಿದರು.

ಅಜಂತದಲ್ಲಿ ಬಳಸಿದ್ದು ನಿಸರ್ಗದ ಅರಗು, ಫ್ಲಾರೆನ್ಸಿನಲ್ಲಿ ಬಳಸಿದ್ದು ವಿಷಕರವಾದ ಬೇರಿಯಂ ದ್ರಾವಣ. ಚಿತ್ರವನ್ನು ಮಂಕಾಗಿಸಿದ್ದು ಮೊದಲನೆಯದು, ಉಳಿಸಿದ್ದು ಎರಡನೆಯದು. ಹಾಗೆಂದು ಬೇರಿಯಂ ಹಸಿರಾಯಿತೆಂದು ನಾವು ಹೇಳುವುದಿಲ್ಲ. ಅದನ್ನು ಬಳಸುವವರು ಎಚ್ಚರದಿಂದಿರಬೇಕು. ವಸ್ತುವಿನ ಹೆಸರಿನಿಂದ ತೀರ್ಪು ಕೊಡಲಾಗದು, ವಸ್ತುವಿಗೂ ಗೋಡೆಗೂ ಕಾಲಕ್ಕೂ ಇರುವ ಸಂಬಂಧದಿಂದಲೇ ಕೊಡಬೇಕು ಎಂಬಷ್ಟೇ ನಮ್ಮ ವಾದ. ಸ್ಮಾರಕಗಳ ರಕ್ಷಣೆಯನ್ನು ಕುರಿತ 1964ರ ವೆನಿಸ್ ಸನ್ನದು ಹೊಸ ತಂತ್ರಗಳಿಗೆ ಎರಡು ಪ್ರಮಾಣಗಳನ್ನು ಕೇಳುತ್ತದೆ: ವಿಜ್ಞಾನದ ಪ್ರಮಾಣ, ಅನುಭವದ ಪ್ರಮಾಣ. ಎರಡನೆಯದಕ್ಕೆ ಕಾಲವನ್ನು ಬಿಟ್ಟು ಬೇರೆ ಪ್ರಯೋಗಶಾಲೆಯಿಲ್ಲ.

6

ಹಾಗಾದರೆ ತರಗತಿಗೆ ತಕ್ಕ ನಿದರ್ಶನ ಯಾವುದು? ನಮ್ಮ ಊರೂರಿನ ಸುಣ್ಣವೇ ಎಂದು ನಾವು ಸೂಚಿಸುತ್ತೇವೆ. ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯುವ ವಾಡಿಕೆಯಲ್ಲಿ ಹಿಂದೆ ಹೇಳಿದ ತೊಡಕಿಗೆ ಒಂದು ಪರಿಹಾರ ಅಡಗಿದೆ. ಸುಣ್ಣವು ಶಾಶ್ವತವೆಂದು ಯಾರೂ ಹೇಳಲಿಲ್ಲ. ಅದು ತಾನು ಸವೆದು ಗೋಡೆಯನ್ನು ಉಳಿಸುತ್ತದೆ. ಸವೆದ ಮೇಲೆ ಮತ್ತೆ ಬಳಿಯುತ್ತಾರೆ. ಅದರ ಮೂಲಕ ಗೋಡೆಯ ತೇವ ಹೊರಕ್ಕೆ ಆರಬಲ್ಲದು. ತೇವವನ್ನು ತಡೆಗಟ್ಟುವ ಬಿಗಿಯಾದ ಬಣ್ಣವನ್ನು ಹಳೆಯ ಗಾರೆಗೋಡೆಗೆ ಬಳಿದರೆ ನೀರೂ ಉಪ್ಪೂ ಒಳಗೆ ಸಿಕ್ಕಿಬಿದ್ದು, ಬಣ್ಣದೊಡನೆ ಗಾರೆಯೂ ಹಕ್ಕಳೆಯಾಗಿ ಕಳಚುವುದುಂಟು. ಬಾಳಿಕೆಯನ್ನು ಲೇಪದಲ್ಲಿ ಅರಸದೆ ಗೋಡೆಯಲ್ಲಿ ಅರಸುವುದು ಈ ಪದ್ಧತಿಯ ವಿವೇಕ.

ಆದರೆ ಇಲ್ಲಿಯೂ ಲೆಕ್ಕ ಬೇಕು. 100 ಭಾಗ ಶುದ್ಧ ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟರೆ 56 ಭಾಗ ಸುಟ್ಟಸುಣ್ಣ ಉಳಿದು 44 ಭಾಗ ಇಂಗಾಲದ ಡೈಆಕ್ಸೈಡು ಹೊರಡುತ್ತದೆ. ನೀರು ಹೊಯ್ದು ಅರಳಿಸಿ ಗೋಡೆಗೆ ಬಳಿದ ಸುಣ್ಣವು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಪಡೆದು ಮತ್ತೆ ಕಲ್ಲಾಗುತ್ತದೆ. ಎಲ್ಲವೂ ಹೀಗೆ ಮಾರ್ಪಟ್ಟರೆ ಆ 44 ಭಾಗ ತೀರಿತು. ಆದರೆ ಗೂಡಿಗೆ ಹಾಕಿದ ಸೌದೆಯಿಂದಲೋ ಕಲ್ಲಿದ್ದಲಿನಿಂದಲೋ ಹೊರಟ ಹೊಗೆಯನ್ನು ಗೋಡೆಯು ಹಿಂದಕ್ಕೆ ಪಡೆಯುವುದಿಲ್ಲ. ಆದುದರಿಂದ ಸುಣ್ಣವು ಕೊಟ್ಟಷ್ಟನ್ನೂ ತೆಗೆದುಕೊಳ್ಳುತ್ತದೆಂಬ ಮಾತು ಅರ್ಧ ಸತ್ಯ. ಶಾಲೆಯ ಪುಸ್ತಕದ ಮೂರು ಸಮೀಕರಣಗಳನ್ನು ಈ ರೀತಿ ಕೂಡಿಸಿ ನೋಡಿದರೆ, ಹಸಿರೆಂಬುದು ವಸ್ತುವಿಗೆ ಅಂಟಿಸುವ ಬಿರುದಲ್ಲ, ಜಮಾಖರ್ಚು ನೋಡಿ ಕಂಡುಕೊಳ್ಳುವ ಶೇಷವೆಂಬುದು ವಿದ್ಯಾರ್ಥಿಗೆ ಮನದಟ್ಟಾಗುತ್ತದೆ.

7

ಬೋಧನೆಗೆ ನಮ್ಮ ಸೂಚನೆಗಳು ಸ್ವಲ್ಪವೇ. ಯಾವ ಲೇಪದ ಪಾಠವಾದರೂ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಇದನ್ನು ಯಾವುದರಿಂದ, ಏನು ಕಸ ಬಿಟ್ಟು ಮಾಡಿದರು? ಇದು ಯಾವ ಬಗೆಯ ಗೋಡೆಗೆ ಹೊಂದುತ್ತದೆ? ಇದನ್ನು ಬಯಲಿನಲ್ಲಿ ಎಷ್ಟು ಕಾಲ ಪರೀಕ್ಷಿಸಿದ್ದಾರೆ? ತಪ್ಪಾಯಿತೆಂದು ತಿಳಿದರೆ ಇದನ್ನು ತೆಗೆಯಬಹುದೇ? ಕೊನೆಯ ಪ್ರಶ್ನೆಯನ್ನು ಅಜಂತದಲ್ಲಿ ಕೇಳಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು.

ಎರಡನೆಯದಾಗಿ, ಕಾಲೇಜುಗಳಲ್ಲಿ ದೀರ್ಘಕಾಲದ ಒಂದು ಪ್ರಯೋಗ ನಡೆಯಬೇಕು. ಒಂದೇ ಮಣ್ಣಿನ ಹತ್ತು ಇಟ್ಟಿಗೆಗಳಿಗೆ ಗಾರೆ ಮಾಡಿ, ಕೆಲವಕ್ಕೆ ಸುಣ್ಣವನ್ನೂ ಕೆಲವಕ್ಕೆ ಪೇಟೆಯ ಬೇರೆ ಬೇರೆ ಬಣ್ಣಗಳನ್ನೂ ಬಳಿದು, ಕೆಲವನ್ನು ಬರಿದಾಗಿ ಬಿಟ್ಟು, ತಾರಸಿಯ ಮೇಲೆ ಇಡಬಹುದು. ವರ್ಷಕ್ಕೆರಡು ಸಲ ಚೆನ್ನಾಗಿ ಒಣಗಿಸಿ ತೂಕವನ್ನೂ, ಮೇಲ್ಮೈಯ ಸ್ಥಿತಿಯನ್ನೂ ಬರೆದಿಡಬೇಕು. ಒಂದು ತಂಡದ ವಿದ್ಯಾರ್ಥಿಗಳು ಬಿಟ್ಟುಹೋದ ದಾಖಲೆಯನ್ನು ಮುಂದಿನ ತಂಡ ಮುಂದುವರಿಸಬೇಕು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಹಿಂದಿನವರ ದಾಖಲೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತೂಗಿ ನೋಡುವ ಅಭ್ಯಾಸವು ಇದರಿಂದ ರಸಾಯನ ಶಾಸ್ತ್ರದ ವಿದ್ಯಾರ್ಥಿಗೂ ಬರುವುದು.

ಪಾಠ್ಯಕ್ರಮದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಹೊಸ ಅಧ್ಯಾಯವನ್ನು ಸೇರಿಸಿರೆಂದು ನಾವು ಕೇಳುತ್ತಿಲ್ಲ. ಹತ್ತು ಲೇಪಗಳ ಹೆಸರು ಹೇಳುವ ಕಡೆ ಎರಡನ್ನು ಆದ್ಯಂತವಾಗಿ ಹೇಳಿದರೆ ಸಮಯ ತಾನಾಗಿಯೇ ದೊರೆಯುತ್ತದೆ. ಚರಿತ್ರೆಯ ಪಠ್ಯಗಳೂ ತಮ್ಮ ಪಾಲಿನ ಹೊಣೆಯನ್ನು ಹೊರಬೇಕು: ದೇವಾಲಯವನ್ನು ಕಟ್ಟಿಸಿದ ಅರಸನ ಹೆಸರಿನೊಡನೆ ಅದರ ಗಾರೆಯ ಪಾಕವನ್ನೂ, ಮುಂದೆ ಅದಕ್ಕಾದ ದುರಸ್ತಿಗಳನ್ನೂ ಹೇಳುವುದು ಅವುಗಳ ಕರ್ತವ್ಯ.

ಇಂದು ತರಗತಿಯಲ್ಲಿ ಕುಳಿತವರಲ್ಲಿ ಕೆಲವರು ನಾಳೆ ಬಣ್ಣದ ಕಾರ್ಖಾನೆಗೆ ಹೋಗುವರು, ಕೆಲವರು ಕಟ್ಟಡದ ಇಲಾಖೆಗೆ, ಒಬ್ಬಿಬ್ಬರು ಪುರಾತತ್ತ್ವದ ರಸಾಯನಶಾಖೆಗೆ. ಯಾವುದೋ ಮಂಟಪದ ಗೋಡೆಯ ಮುಂದೆ, ಹಸಿರು ಚೀಟಿ ಹಚ್ಚಿದ ಹೊಸ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು, ಬಳಿಯಬೇಕೋ ಬೇಡವೋ ಎಂದು ಅವರು ನಿರ್ಧರಿಸಬೇಕಾಗುತ್ತದೆ. ಆಗ ಚೀಟಿಯನ್ನು ಓದಿ ಬಳಿಯುವವರನ್ನೂ, ಗೋಡೆಯನ್ನು ಓದಿ ಪ್ರಶ್ನೆ ಕೇಳುವವರನ್ನೂ ಬೇರ್ಪಡಿಸುವುದು ಅವರು ಕಲಿತ ಪಾಠದ ಕ್ರಮವೇ ಹೊರತು ಬೇರೆಯಲ್ಲ.